ಕಲ್ಯಾಣಪ್ಪನ ಶಾಖಾಹಾರಿ ಕಲ್ಲು

ಮನುಷ್ಯನಿಗೆ ಹಲ್ಲುನೋವು ಬಂದರೆ ಹಲ್ಲು ಕೀಳಿಸಿಕೊಂಡು ಸುಮ್ಮನೆ ಮನೆಗೆ ಬರಬೇಕು. ಡಾಕ್ಟರರ ಮನೆಯ ಸಾಮಾನಿನ ಮೇಲೆ ಕಣ್ಣು ಹಾಕಬಾರದು. ಈ ಬುದ್ಧಿಮಾತನ್ನು ಆಳಂದದ ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ಗುಮಾಸ್ತ ಕಲ್ಯಾಣಪ್ಪನಿಗೆ ಯಾರೂ ಹೇಳಿರಲಿಲ್ಲ. ಆತ ಸೊಲ್ಲಾಪುರಕ್ಕೆ ಹೋಗಿ ಒಂದು ದವಡೆ ಹಲ್ಲನ್ನು ಅಲ್ಲಿ ಬಿಟ್ಟು, ಅದರ ಬದಲಿಗೆ ಒಂದು ಆಸೆಯನ್ನು ಹೊತ್ತು ತಂದನು. ಹಲ್ಲಿನ ಡಾಕ್ಟರರ ಹೊರಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತು. ಅದರ ತುಂಬ ನೀರು, ಮೇಲೊಂದು ದೀಪ, ದೀಪದ ಬೆಳಕಿನಲ್ಲಿ ಬಣ್ಣಬಣ್ಣದ ಮೀನು. ದವಡೆ ಬಾತು ಕುಳಿತ ಮಂದಿಯೆಲ್ಲ ನೋವು ಮರೆತು ಅದನ್ನೇ ನೋಡುತ್ತಿದ್ದರು. ಕಲ್ಯಾಣಪ್ಪನಂತೂ ತನ್ನ ಪಾಳಿ ಬಂದಾಗ, "ನೀವು ಮೊದಲು ಹೋಗ್ರಿ" ಎಂದು ಹಿಂದಿನವರನ್ನು ಮುಂದೆ ಕಳಿಸಿ ಮತ್ತೆ ನೋಡುತ್ತ ಕುಳಿತನು.

ಆಸೆಗೆ ಇನ್ನೂ ಒಂದು ಕಾರಣವಿತ್ತು. ಪಕ್ಕದ ಮನೆಯ ಮಿಠಾಯಿ ಅಂಗಡಿ ಮಲ್ಲಣ್ಣ ಹೋದ ವರ್ಷ ಟಿ.ವಿ. ತಂದಿದ್ದ. ಅಂದಿನಿಂದ ಸಂಜೆಯಾದರೆ ಓಣಿಯ ಮಂದಿ ಅವನ ಪಡಸಾಲೆಯಲ್ಲಿ. ಗಾಜಿನ ಹಿಂದೆ ಏನಾದರೂ ಅಲುಗಾಡುತ್ತಿದ್ದರೆ ಜನ ಬರುತ್ತಾರೆಂಬುದು ಕಲ್ಯಾಣಪ್ಪನಿಗೆ ಖಾತ್ರಿಯಾಗಿತ್ತು. ಟಿ.ವಿ.ಗೆ ಕೈಯಲ್ಲಿ ರೊಕ್ಕವಿರಲಿಲ್ಲ. ಮೂರನೆಯ ಕಾರಣವನ್ನು ಆತ ಯಾರ ಮುಂದೂ ಹೇಳಲಿಲ್ಲ. ಅವನ ಪಡಸಾಲೆಯ ಮೂಲೆಯಲ್ಲಿ ತಾಯಿ ಸುಭದ್ರಾಬಾಯಿಯ ಮಂಚವಿತ್ತು. ಆಕೆ ಲಿಂಗೈಕ್ಯಳಾದ ಮೇಲೆ ಅದನ್ನು ಅಟ್ಟಕ್ಕೇರಿಸಿದ್ದರು. ಬರಿದಾದ ಆ ಮೂಲೆಯ ಕಡೆಗೆ ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ನೋಡದೆ ಇರುವುದಕ್ಕೂ ಆಗುತ್ತಿರಲಿಲ್ಲ.

"ಮೀನ?" ಎಂದಳು ಹೆಂಡತಿ ಶಿವಕಾಂತಾ. ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವುದು ತಡವಾಯಿತು.

"ತಿನ್ನಾಕ ಅಲ್ಲ. ನೋಡಾಕ."

"ಇವತ್ತ ನೋಡಾಕ ಅಂತೀರಿ. ನಾಳೆ ಮಂದಿ, ನೋಡಿ ನೋಡಿ ರುಚಿ ಹತ್ತೇದ ಅಂತಾರ. ಕೊಳ್ಳಾಗ ಲಿಂಗ ಕಟ್ಟಿಕೊಂಡು ಮನ್ಯಾಗ ಮೀನ ಇಟ್ಕೋತೀರಿ? ಅತ್ತಿ ವರ್ಷದ ಗಣಾರಾಧನೆ ಬಂತು. ಮಠದ ಅಯ್ಯಾವ್ರು ಬಂದು ಪ್ರಸಾದ ಮಾಡಬೇಕೋ ಬ್ಯಾಡೋ?"

ತಾಯಿಯ ಮೊದಲ ವರ್ಷದ ಆರಾಧನೆ. ಅಯ್ಯಾವರು ಬಂದು, ಪಾದಪೂಜೆಯಾಗಿ, ಅವರು ಎಡೆಯ ಮುಂದೆ ಕುಳಿತು ಉಂಡರೆ ಮಾತ್ರ ಅದು ಮುಗಿದಂತೆ. ಅವರು ಉಣ್ಣದೆ ಎದ್ದು ಹೋದ ಮನೆಯನ್ನು ಓಣಿ ಮೂರು ತಲೆಮಾರು ನೆನೆಸುತ್ತದೆ. ಕಲ್ಯಾಣಪ್ಪ ಆಸೆಯನ್ನು ನುಂಗಿಕೊಂಡನು. ಹಲ್ಲು ಹೋದ ಜಾಗದಲ್ಲಿ ಅದು ಸ್ವಲ್ಪ ತಡೆಯಿತು, ಅಷ್ಟೆ.

ಪರಿಹಾರ ಮುಂಬಯಿಯಿಂದ ಬಂತು. ಶಿವಕಾಂತಾಳ ತಮ್ಮ ದೇವೀಂದ್ರಪ್ಪ ಅಲ್ಲಿಯ ಬಂದರಿನಲ್ಲಿ ಹಮಾಲರ ಮೇಲೆ ನಿಗಾ ಇಡುವ ಮುಕಾದಮನಾಗಿದ್ದ. ಕಲ್ಯಾಣಪ್ಪ ಅವನಿಗೆ ಕಾಗದ ಬರೆದು ತನ್ನ ಆಸೆ ತೋಡಿಕೊಂಡಿದ್ದ. ಮುಂಬಯಿಯಲ್ಲಿ ಇರುವವರಿಗೆ ಜಗತ್ತಿನಲ್ಲಿ ತಿಳಿಯದ ವಿಷಯವಿಲ್ಲ. ಅಲ್ಲಿ ಮುಷ್ಕರ ನಡೆದು ಕೆಲಸ ನಿಂತದ್ದರಿಂದ ಆತ ಆರಾಧನೆಗೆ ಮೊದಲೇ ಬಂದನು; ಬರುವಾಗ ಒಂದು ಗಾಜಿನ ಪೆಟ್ಟಿಗೆ, ಗುಳ್ಳೆ ಬಿಡುವ ಒಂದು ಚಿಕ್ಕ ಯಂತ್ರ, ಸಮುದ್ರದ ನೀರಿನ ಎರಡು ಡಬ್ಬಿ, ಮತ್ತು ತೊಯ್ದ ಗೋಣಿಯಲ್ಲಿ ಸುತ್ತಿದ ಒಂದು ಕಲ್ಲು ತಂದನು. ಕಲ್ಲು ತೂತುತೂತಾಗಿ, ಅಲ್ಲಲ್ಲಿ ಕೆಂಪಾಗಿ, ಹಸಿರಾಗಿ, ಹಳೆಯ ಕೋಟೆಯ ಒಂದು ಮೂಲೆ ಮುರಿದು ತಂದ ಹಾಗಿತ್ತು.

"ಮಾಮಾ, ಮೀನಿಲ್ಲ, ಮಾಂಸಿಲ್ಲ, ಬರೀ ಕಲ್ಲು" ಎಂದನು ದೇವೀಂದ್ರಪ್ಪ. "ಬಂಬೈದಾಗ ದೊಡ್ಡ ದೊಡ್ಡ ಸಾವಕಾರ್ರು ಇಡ್ತಾರ. ಅಕ್ಕಾ, ಇದಕ್ಕ ನೀ ಏನೂ ಅನ್ನಂಗಿಲ್ಲ. ಇದು ಶಾಖಾಹಾರಿ ಕಲ್ಲು."

ಶಿವಕಾಂತಾ ಕಲ್ಲನ್ನು ಮೂಸಿ ನೋಡಿದಳು. ಉಪ್ಪಿನ ವಾಸನೆ. ಉಪ್ಪು ಯಾವ ಶಾಸ್ತ್ರದಲ್ಲಿಯೂ ಮಾಂಸವಲ್ಲ. ಒಪ್ಪಿದಳು.

ತಾಯಿಯ ಮಂಚವಿದ್ದ ಮೂಲೆಯಲ್ಲಿ ಮೇಜು ಹಾಕಿ ಪೆಟ್ಟಿಗೆ ಇಟ್ಟರು. ದೀಪ ಹತ್ತಿತು, ಗುಳ್ಳೆ ಗುಳುಗುಳು ಎಂದಿತು. ಓಣಿಯ ಮಂದಿ ಬಂದು ನೋಡಿದರು. ಮಲ್ಲಣ್ಣನೂ ಬಂದು, ಕೈ ಹಿಂದೆ ಕಟ್ಟಿಕೊಂಡು, ಬಹಳ ಹೊತ್ತು ನೋಡಿ, "ಕಲ್ಲು ತೊಯಸಿ ಇಟ್ಟೀರಿ" ಎಂದನು.

"ಸಮುದ್ರದ್ದು" ಎಂದನು ಕಲ್ಯಾಣಪ್ಪ.

"ನಮ್ಮ ಹಿತ್ತಲದಾಗೂ ಅದಾವ. ಆದ್ರ ನಾವು ತೊಯಸಂಗಿಲ್ಲ."

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಆಳಂದದಲ್ಲಿ ಸಂಜೆ ಕರೆಂಟು ಹೋಗುವುದು ಸೂರ್ಯ ಮುಳುಗಿದಷ್ಟೇ ನಿಯಮದ ಮಾತು. ಕರೆಂಟು ಹೋಯಿತು. ಶಿವಕಾಂತಾ ಕಂದೀಲು ಹಿಡಿದು ಪಡಸಾಲೆಗೆ ಬಂದಳು, ಪೆಟ್ಟಿಗೆಯ ಮುಂದೆ ನಿಂತಳು, ನಿಂತೇ ಇದ್ದಳು.

"ಏನ್ರಿ" ಎಂದಳು ಮೆಲ್ಲಗೆ. "ನಿಮ್ಮ ಕಲ್ಲಿಗೆ ಕಾಲು ಬಂದಾವ."

ಕಲ್ಲಿನ ಒಂದು ತೂತಿನಿಂದ ಎರಡು ಕಣ್ಣು ಹೊರಗೆ ಬಂದಿದ್ದವು. ಕಣ್ಣಿನ ಹಿಂದೆ ಚಿಮಟಿಗೆ, ಚಿಮಟಿಗೆಯ ಹಿಂದೆ ಅಡಿಕೆಯಷ್ಟು ದೊಡ್ಡ ಏಡಿ. ಇನ್ನೊಂದು ತೂತಿನಿಂದ ಮೈತುಂಬ ಬಿಳಿ ಕೂದಲಿನ, ಕೆಂಪಗಿನ, ಬೆರಳುದ್ದದ ಒಂದು ಹುಳ ಹೊರಬಂದು, ತಾನೇ ಮನೆಯ ಯಜಮಾನನೆಂಬಂತೆ ಕಲ್ಲಿನ ಮೇಲೆ ಅಡ್ಡಾಡುತ್ತಿತ್ತು. ಗಾಜಿಗೆ ಎರಡು ಬಸವನಹುಳು ಅಂಟಿದ್ದವು. ಕಲ್ಲಿನ ನೆತ್ತಿಯಲ್ಲಿ ಮಾತ್ರ ಒಂದು ಹೂವು ಅರಳಿತ್ತು: ಕಂದುಬಣ್ಣದ ದೇಟು, ಅದರ ಸುತ್ತ ಎಳೆ ಎಳೆಯಾದ ಎಸಳು.

ದೇವೀಂದ್ರಪ್ಪ ಕಂದೀಲಿನ ಹತ್ತಿರ ಬಗ್ಗಿ ನೋಡಿ, "ಕಲ್ಲಿನ ಕೂಡ ಬಂದಾವ ಮಾಮಾ. ಟಿಕೀಟು ತಗೀದ ಬರೂ ಮಂದಿ ಇದ್ದಂಗ" ಎಂದನು.

"ನೀ ಶಾಖಾಹಾರಿ ಅಂದಿದ್ದಿ."

"ಕಲ್ಲು ಶಾಖಾಹಾರೀನ ಅದ. ಒಳಗಿನವ್ರದು ನನಗೇನ್ ಗೊತ್ತು?"

"ಒಯ್ದು ಬಾವ್ಯಾಗ ಹಾಕು."

"ಸಿಹಿನೀರಿನಾಗ ಒಂದೂ ಬದುಕಂಗಿಲ್ಲ. ಪಾಪ ನಿಮಗ ಹತ್ತತದ. ಮತ್ತ ಇನ್ನೊಂದು ಹೇಳ್ತೇನಿ, ಗುಳ್ಳಿ ನಿಂತ್ರೂ ಸಾಯ್ತಾವ."

ಕರೆಂಟು ಹೋಗಿ ಗುಳ್ಳೆ ನಿಂತು ಆಗಲೇ ಹೊತ್ತಾಗಿತ್ತು. ಹುಟ್ಟಿದಂದಿನಿಂದ ಇರುವೆಯನ್ನೂ ದಾಟಿ ನಡೆದ ಕಲ್ಯಾಣಪ್ಪ ಓಡಿಹೋಗಿ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ತಂದು, ಅದರ ನಳಿಕೆಯನ್ನು ನೀರಿನಲ್ಲಿ ಅದ್ದಿ, ಕರೆಂಟು ಬರುವತನಕ ಫುಸ್ ಫುಸ್ ಎಂದು ಹೊಡೆಯುತ್ತ ಕುಳಿತನು. ತನಗೆ ಬೇಡವಾದ ಜೀವಗಳಿಗೆ ಉಸಿರು ತುಂಬುವ ಕೆಲಸ ಅಂದಿನಿಂದ ಅವನ ಸಾಯಂಕಾಲದ ನಿತ್ಯಕರ್ಮವಾಯಿತು.

ಆರಾಧನೆಯ ಅಡಿಗೆಗೆಂದು ಜೇವರ್ಗಿಯಿಂದ ಅವನ ಸೋದರತ್ತೆ ಶಾರದಾಬಾಯಿ ಬಂದಿಳಿದಳು. ತೀರಿಹೋದ ಸುಭದ್ರಾಬಾಯಿ ಆಕೆಗೆ ವೈನಿ, ಅಂದರೆ ಅಣ್ಣನ ಹೆಂಡತಿ. ನಲವತ್ತು ವರ್ಷ ಇಬ್ಬರೂ ಜಗಳಾಡಿ ಬಾಳಿದವರು, ಹೀಗಾಗಿ ದುಃಖ ದೊಡ್ಡದಿತ್ತು. ಚೀಲ ಕೆಳಗಿಡುವ ಮೊದಲೇ ಆಕೆ ಪೆಟ್ಟಿಗೆಯನ್ನು ನೋಡಿದಳು.

"ನನ್ನ ವೈನಿ ಮಲಗೂ ಜಾಗಾದಾಗ ಇದೇನಿದು?"

"ಕಲ್ಲು, ಅತ್ತಿ."

"ಕಲ್ಲು ನನ್ನ ನೋಡಿ ಕೈ ಮಾಡಾಕತ್ತದ."

ಏಡಿ ಚಿಮಟಿಗೆ ಎತ್ತಿತ್ತು.

ಕಲ್ಯಾಣಪ್ಪ ಎಲ್ಲವನ್ನೂ ಹೇಳಿದನು. ಶಾರದಾಬಾಯಿ ಕೇಳಿದಳು, ಆಮೇಲೆ ಪ್ರತಿಯೊಂದನ್ನೂ ಬೆರಳು ಮಾಡಿ ವಿಚಾರಣೆಗೆ ಕುಳಿತಳು. ಬಸವನಹುಳುವಿಗೆ ಹೆಸರಿನ ಬಲದಿಂದ ಕ್ಷಮೆ ಸಿಕ್ಕಿತು. ಹೂವು ಹೂವೇ ಆದ್ದರಿಂದ ಅದಕ್ಕೂ ಸಿಕ್ಕಿತು. ಏಡಿ ಮತ್ತು ಕೂದಲಹುಳದ ವಿಷಯ ಉಳಿಯಿತು. "ಇವು ಏನು, ಯಾವ ಜಾತಿ, ಏನ್ ತಿಂತಾವ, ಗೊತ್ತಿದ್ದವ್ರ ಬಾಯಿಲೆ ಹೇಳಸು. ನಿರುಪದ್ರವಿ ಅಂದ್ರ ಇರ್ಲಿ. ಅಲ್ಲ ಅಂದ್ರ ಆರಾಧನಿಗೆ ಮೊದಲು ಇವು ಹೊರಗ ಹೋಗಬೇಕು, ಇಲ್ಲಾ ನಾ ಹೋಗಬೇಕು" ಎಂದಳು.

ಊರಿನಲ್ಲಿ ಪ್ರಾಣಿಗಳ ವಿಷಯ ಗೊತ್ತಿದ್ದವರೆಂದರೆ ದನದ ಡಾಕ್ಟರ್ ಜಹೀರುದ್ದೀನ ಸಾಹೇಬರು. ಅವರು ಒಳ್ಳೆಯವರು, ಕರೆದರೆ ಬಂದರು. ಗೋಡೆಗೆ ಸೈಕಲ್ಲು ಆನಿಸಿ, ಚೀಲ ತೆರೆದು, ಹಗ್ಗ ಹೊರತೆಗೆದರು.

"ಎಲ್ಲಿ ಕಟ್ಟೀರಿ?"

"ಕಟ್ಟಿಲ್ರಿ. ನೀರಿನಾಗ ಅದ."

ಸಾಹೇಬರು ಹಗ್ಗವನ್ನು ಒಳಗಿಟ್ಟು ಕನ್ನಡಕ ಹಾಕಿಕೊಂಡರು. ಏಡಿಯನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. "ಮೇವು ತಿಂತದೇನು?"

"ಗೊತ್ತಿಲ್ರಿ."

"ಮೆಲಕು ಹಾಕತದೇನು?"

ಕಲ್ಯಾಣಪ್ಪ ಏಡಿಯ ಬಾಯಿಯನ್ನು ನೋಡಿದನು. ಅದು ನಿಜವಾಗಿಯೂ ಏನನ್ನೋ ಜಗಿಯುತ್ತಲೇ ಇತ್ತು. "ಹಾಕಿದಂಗ ಕಾಣಸ್ತದ್ರಿ."

ಸಾಹೇಬರಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಕಾಲು ಎಣಿಸುವುದಕ್ಕೆ ಹೊರಟಾಗ ಅದು ಅಡ್ಡಡ್ಡ ಓಡಿ ತೂತು ಸೇರಿತು. "ದೇಖೋ ಕಲ್ಯಾಣಪ್ಪ" ಎಂದರು ಅವರು. "ನಾಲ್ಕು ಕಾಲು ಇದ್ದು, ಮುಂದಕ್ಕ ನಡದ್ರ ಅದು ನನ್ನ ಖಾತೆ. ಇದಕ್ಕ ಕಾಲು ಜಾಸ್ತಿ, ಚಾಲಿ ತಿರಕಸು. ಈ ಕೂದಲಿಂದಕ್ಕಂತೂ ಸರ್ಕಾರ ನನಗ ಔಷಧಾನೇ ಕೊಟ್ಟಿಲ್ಲ. ನೀರಿಂದು ಅಂದ ಮ್ಯಾಲ ಮೀನಿನ ಇಲಾಖೆಯವ್ರದು. ಅಫಜಲಪುರದಾಗ ನನ್ನ ದೋಸ್ತ ಅದಾನ, ಕಳಸ್ತೇನಿ."

"ಬ್ಯಾಡ್ರಿ ಸಾಹೇಬ್ರ."

"ಅರೆ, ಅದರಾಗೇನ ತಕಲೀಫು" ಎಂದು ಸಾಹೇಬರು ಸೈಕಲ್ಲು ಹತ್ತಿದರು. ಉಪಕಾರ ಮಾಡಬೇಕೆಂದು ನಿಶ್ಚಯಿಸಿದ ಮನುಷ್ಯನನ್ನು ತಡೆಯಲು ಇನ್ನೂ ಯಾವ ಉಪಾಯವೂ ಹುಟ್ಟಿಲ್ಲ.

ಜೀಪು ಮಟಮಟ ಮಧ್ಯಾಹ್ನ ಬಂತು. ಅದರ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೀನುಗಾರಿಕೆ ಇಲಾಖೆ ಎಂದು ಬರೆದಿತ್ತು. ಭೀಮಾ ನದಿಯಲ್ಲಿ ಮೀನಿನ ಮರಿ ಬಿಡಿಸುವ ಆ ಸಾಹೇಬರು ಒಳಗೆ ಬಂದು, ಪೆಟ್ಟಿಗೆಯ ಮುಂದೆ ನಿಂತು, "ಮೀನೆಲ್ಲಿ?" ಎಂದರು.

"ಮೀನಿಲ್ರಿ. ನಾವು ಲಿಂಗಾಯತರು."

"ಹಂಗಾದ್ರ ನನ್ನ ಯಾಕ ಕರಿಸಿದ್ರಿ?"

"ನಾ ಕರಿಸಿಲ್ರಿ."

"ಇದು ಉಪ್ಪನೀರು. ನಂದು ಸಿಹಿನೀರು. ಉಪ್ಪನೀರಿನವ್ರು ಕಾರವಾರದಾಗ ಕೂಡ್ತಾರ. ಬರಾಂಗಿಲ್ಲ ಅವ್ರು." ಚಹಾ ಕುಡಿದು ಎದ್ದರು. ಜೀಪು ಮಾತ್ರ ಏಳಲಿಲ್ಲ. ಅದರ ಬ್ಯಾಟರಿ ಹೋಗಿತ್ತು. ಮೆಕ್ಯಾನಿಕ್ ಬಂದು ಸರಿಮಾಡುವವರೆಗೆ, ಅಂದರೆ ಸಂತೆಗೆ ಹೋದವರೆಲ್ಲ ಅದೇ ಓಣಿಯಿಂದ ತಿರುಗಿ ಬರುವವರೆಗೆ, ಮೀನುಗಾರಿಕೆ ಇಲಾಖೆಯು ಕಲ್ಯಾಣಪ್ಪನ ಬಾಗಿಲಿಗೆ ಅಡ್ಡವಾಗಿ ನಿಂತಿತು.

ಸಂಜೆಗೆ ಸುದ್ದಿ ಮೂರು ರೂಪ ತಾಳಿತ್ತು. ಕಲ್ಯಾಣಪ್ಪ ಮೀನು ಸಾಕುತ್ತಾನೆ ಎಂಬುದು ಮೊದಲನೆಯದು. ಸರ್ಕಾರದಿಂದ ಮೀನಿನ ಗುತ್ತಿಗೆ ಹಿಡಿದಿದ್ದಾನೆ ಎಂಬುದು ಎರಡನೆಯದು. ತಾಯಿ ಹೋದ ಮೇಲೆ ಹೇಳುವವರು ಯಾರೂ ಇಲ್ಲದೆ ತಿನ್ನುವುದಕ್ಕೂ ಹತ್ತಿದ್ದಾನೆ ಎಂಬುದು ಮೂರನೆಯದು. ಮೂರನೆಯದು ಮಲ್ಲಣ್ಣನ ಪಡಸಾಲೆಯಲ್ಲಿ, ಟಿ.ವಿ.ಯಲ್ಲಿ ಕೃಷಿಯ ಕಾರ್ಯಕ್ರಮ ಬಂದಾಗ ತಯಾರಾದದ್ದು.

ಶಾರದಾಬಾಯಿ ಕುದಿದಳು. "ಎಲ್ಲಾರನೂ ಕರಿ. ಅವ್ರ ಕಣ್ಣ ಮುಂದ ತೋರಸ್ತೇನಿ. ಈ ಹೂವಿಗೆ ಅನ್ನ ಹಾಕೂಣು. ಅನ್ನ ಉಂಡ್ರ ಇದು ನಮ್ಮಂಗ ಅಂದಂಗಾತು."

ಓಣಿ ನೆರೆಯಿತು. ಮುಂದಿನ ಸಾಲಿನಲ್ಲಿ ಮಲ್ಲಣ್ಣ ಕುಳಿತಿದ್ದ. ಶಾರದಾಬಾಯಿ ಕಸಬರಿಗೆಯ ಕಡ್ಡಿಯ ತುದಿಗೆ ಒಂದು ಅಗುಳು ಸಿಕ್ಕಿಸಿ, ಶಿವಾ ಎಂದು ನೀರಿಗೆ ಇಳಿಬಿಟ್ಟಳು. ಅಗುಳು ತಾಕಿದ್ದೇ ತಡ, ಎಸಳುಗಳೆಲ್ಲ ಒಟ್ಟಾಗಿ ಅದನ್ನು ತಬ್ಬಿಕೊಂಡು ಬಾಯಿ ಮುಚ್ಚಿದವು.

"ಉಂಡ್ತು" ಎಂದಳು ಶಾರದಾಬಾಯಿ. ಹೆಂಗಸರು ಕೈಮುಗಿದರು. ನೀರಿನ ಹೂವು ಸೋಮವಾರ ಅನ್ನ ಉಂಡದ್ದನ್ನು ತನ್ನ ಕಣ್ಣಿನಿಂದ ನೋಡಿದೆನೆಂದು ಒಬ್ಬ ಮುದುಕಿ ಅಲ್ಲಿಯೇ ಆಣೆ ಮಾಡಿದಳು.

"ಜರಾ ತಡೀರಿ ಅತ್ತಿ" ಎಂದನು ಮಲ್ಲಣ್ಣ.

ಹೂವು ಬಾಯಿ ತೆರೆಯಿತು. ಅಗುಳು ಹೊರಗೆ ಬಿತ್ತು, ತಿರುಗುತ್ತ ತಿರುಗುತ್ತ ತಳ ಸೇರಿತು. ಅದೇ ಹೊತ್ತಿಗೆ, ಅತಿಥಿಗಳಿಗೆ ಕೊಟ್ಟ ಬೆಲ್ಲದ ಮೇಲೆ ಕುಳಿತು ಮತ್ತೇರಿದ ಒಂದು ನೊಣ ಹಾರಲು ಹೋಗಿ ನೀರಿಗೆ ಬಿತ್ತು. ಗುಳ್ಳೆಯ ಸುಳಿಗೆ ಸಿಕ್ಕಿ ಒಂದು ಸುತ್ತು ಹಾಕಿ ಅದು ಸೀದಾ ಹೂವಿನ ಮಡಿಲಿಗೆ ಬಂತು. ಎಸಳು ಮುಚ್ಚಿದವು. ಓಣಿ ಉಸಿರು ಹಿಡಿದು ಕಾಯಿತು. ನೊಣ ಹೊರಗೆ ಬರಲಿಲ್ಲ.

"ಊಟಾತು" ಎಂದು ಮಲ್ಲಣ್ಣ ಎದ್ದು ಧೋತರ ಝಾಡಿಸಿಕೊಂಡನು.

ಇನ್ನು ಮುಚ್ಚಿಡುವುದೊಂದೇ ಉಳಿದಿತ್ತು. ಆರಾಧನೆಯ ದಿನ ಪೆಟ್ಟಿಗೆಯ ಮೇಲೆ ಹಲಗೆ ಹಾಕಿ, ನೆಲ ಮುಟ್ಟುವಂತೆ ಜಮಖಾನ ಹೊದಿಸಿ, ಅದರ ಮೇಲೆ ಸುಭದ್ರಾಬಾಯಿಯ ಫೋಟೋ ಇಟ್ಟು ಮಾಲೆ ಹಾಕಿದರು. ನೋಡಿದವರಿಗೆ ಅದು ಪೂಜೆಯ ಮೇಜಲ್ಲದೆ ಬೇರೇನೂ ಅಲ್ಲ. ಮಠದ ಚನ್ನಮಲ್ಲಯ್ಯನವರು ಬಂದರು. ಇಳಿವಯಸ್ಸು, ಕಡಿಮೆ ಮಾತು. ಮಣೆಯ ಮೇಲೆ ಕುಳಿತರು. ಕಲ್ಯಾಣಪ್ಪ ಅವರ ಪಾದಕ್ಕೆ ನೀರೆರೆಯತೊಡಗಿದ. ಅಡಿಗೆಮನೆಯಿಂದ ಗೋಧಿ ಹುಗ್ಗಿಯ ಪರಿಮಳ ಬರುತ್ತಿತ್ತು. ನಡುವೆ ಕರೆಂಟು ಹೋಯಿತು.

ಕಲ್ಯಾಣಪ್ಪನ ಕೈ ನಿಂತಿತು. ಆತ ದೇವೀಂದ್ರಪ್ಪನನ್ನು ನೋಡಿದ. ದೇವೀಂದ್ರಪ್ಪ ಯಾರಿಗೂ ಕಾಣದಂತೆ ಸೈಕಲ್ಲಿನ ಪಂಪು ತೆಗೆದುಕೊಂಡು ಜಮಖಾನದೊಳಗೆ ನುಸುಳಿದ.

ಫುಸ್. ಗುಳು ಗುಳು ಗುಳು.

ಅಯ್ಯಾವರ ಹಿಂದೆ ಕುಳಿತ ಶಿಷ್ಯ ಕಿವಿ ನಿಮಿರಿಸಿದ. ಫುಸ್. ಗುಳು ಗುಳು. ಆತ ಶಿವಕಾಂತಾಳ ಕಡೆಗೆ ಬಾಗಿ, "ಜಲ್ದಿ ಮಾಡ್ರಿ ತಾಯಿ, ಅಯ್ಯಾವ್ರು ಮುಂಜಾನೆಯಿಂದ ಏನೂ ತಗೊಂಡಿಲ್ಲ. ಹೊಟ್ಟಿ ಕೂಗಾಕತ್ತದ" ಎಂದು ಪಿಸುಗುಟ್ಟಿದ. ಶಿವಕಾಂತಾ ಹುಗ್ಗಿಗೆ ಓಡಿದಳು.

ಅಷ್ಟರಲ್ಲಿ ಫೋಟೋ ನಡುಗಹತ್ತಿತು. ಫುಸ್ ಎಂದಾಗೊಮ್ಮೆ ಸುಭದ್ರಾಬಾಯಿ ತಲೆ ಅಲ್ಲಾಡಿಸಿದಳು.

"ವೈನಿ ಬಂದ್ಳು" ಎಂದು ಶಾರದಾಬಾಯಿ ನೆಲಕ್ಕೆ ಕುಸಿದಳು. "ಬ್ಯಾಡ ಬ್ಯಾಡ ಅನ್ನಾಕತ್ತಾಳ. ನನ್ನ ಮ್ಯಾಲ ಇನ್ನೂ ಸಿಟ್ಟದ ಆಕಿಗಿ."

ಹೆಂಗಸರು ಅಳಲು ಸುರು ಮಾಡಿದರು. ಅಯ್ಯಾವರು ಒಂದು ಕೈ ಎತ್ತಿದರು. ಎಲ್ಲ ಸುಮ್ಮನಾಯಿತು, ಫುಸ್ ಒಂದನ್ನು ಬಿಟ್ಟು.

"ಹೊಟ್ಟಿ ನಂದಲ್ಲ" ಎಂದರು ಅಯ್ಯಾವರು. "ಆ ಜಮಖಾನ ಎತ್ತು."

ಎತ್ತಿದರು. ಮೇಜಿನ ಕೆಳಗೆ ಬೆವರಿಳಿಯುತ್ತ ಮುಂಬಯಿಯ ಮುಕಾದಮ ಕುಳಿತಿದ್ದ. ಮೇಲೆ ಏಡಿ, ಕೂದಲಹುಳ, ಬಸವನಹುಳು, ಅರಳಿದ ಹೂವು, ಎಲ್ಲವೂ ಸಭೆಗೆ ಹಾಜರಾಗಿದ್ದವು. ಬಾಗಿಲ ಬಳಿ ಮಲ್ಲಣ್ಣ ಗಂಟಲು ಸರಿಮಾಡಿಕೊಂಡ.

ಕಲ್ಯಾಣಪ್ಪ ಅಯ್ಯಾವರ ಕಾಲ ಮೇಲೆ ಬಿದ್ದನು. "ತಪ್ಪಾತ್ರಿ ಅಯ್ಯಾವ್ರ. ನಾ ತರಿಸಿದ್ದು ಬರೀ ಕಲ್ಲು. ಇವು ಅದರ ಕೂಡ ಬಂದ್ವು. ನಾ ಕರದಿಲ್ರಿ."

"ಕರೀದ ಬಂದವ್ರಿಗೇ ಜಂಗಮ ಅಂತಾರಪ್ಪ" ಎಂದರು ಅಯ್ಯಾವರು. "ನನ್ನೇನ್ ದಿನಾ ಕರೀತಾರೇನು? ಇವನ್ನ ಕೊಂದಿಯೇನು?"

"ಶಿವ ಶಿವ. ಇಲ್ರಿ."

"ತಿಂದಿಯೇನು?"

"ಇಲ್ರಿ ಅಯ್ಯಾವ್ರ. ಮಂದಿ ಹಂಗ ಅಂತಾರ."

"ಮಂದಿ ಇರ್ಲಿ. ಉಣ್ಣಾಕ ಏನ್ ಕೊಟ್ಟಿ?"

ಕಲ್ಯಾಣಪ್ಪ ತಲೆ ಎತ್ತಿದ.

"ಈ ಏಡಿ ಏನ್ ತಿಂತದ?"

"ಗೊತ್ತಿಲ್ರಿ."

"ಆ ಕೆಂಪನ ಹುಳ?"

"ಗೊತ್ತಿಲ್ರಿ."

"ಮನ್ಯಾಗ ಕೂಡಿಸಿಕೊಂಡು, ಏನ್ ಉಣ್ತೀರಿ ಅಂತ ಕೇಳಿಲ್ಲ. ಯಾವ ಜಾತಿ ಅಂತ ಊರೆಲ್ಲಾ ಕೇಳೀರಿ." ಅಯ್ಯಾವರು ನಿಧಾನವಾಗಿ ಎದ್ದರು. "ಹಸದವ್ರನ್ನ ಮೂಲ್ಯಾಗ ಮುಚ್ಚಿಟ್ಟು ನನ್ನ ಮುಂದ ಎಡಿ ಇಟ್ರ ನನಗ ಹ್ಯಾಂಗ ಇಳೀಬೇಕು? ಬಂದ ಮಂದೀಗೆ ಬಡಸ್ರಿ, ಅವ್ರು ಹಸಿಬಾರದು. ನೀ ಇವನ್ನ ಇವುಗಳ ಮನಿಗೆ ಮುಟ್ಟಿಸಿ ಬಾ. ಬಂದು ಕರಿ. ಅವತ್ತು ಉಣ್ತೇನಿ."

ಹೀಗೆ ಸುಭದ್ರಾಬಾಯಿಯ ಆರಾಧನೆ ಅರ್ಧಕ್ಕೆ ನಿಂತಿತು. ಅಯ್ಯಾವರು ಉಣ್ಣದೆ ಹೋದರೆಂಬುದನ್ನು ಮಲ್ಲಣ್ಣ ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡು, ಊರಿಗೆ ಮುಟ್ಟಿಸಿದ. ಶಾರದಾಬಾಯಿ ಜೇವರ್ಗಿಗೆ ಹೋಗಲು ಒಪ್ಪಲಿಲ್ಲ. "ವೈನಿ ಇನ್ನೂ ಹೊಸ್ತಿಲದ ಮ್ಯಾಲ ನಿಂತಾಳ. ಆಕಿ ದಾಟೂತನಕ ನಾ ದಾಟಂಗಿಲ್ಲ" ಎಂದು ಗೋಡೆಗೆ ಆತು ಕುಳಿತಳು.

ಕಲ್ಯಾಣಪ್ಪ ಕಲ್ಲನ್ನು ಉಪ್ಪುನೀರಿನ ಡಬ್ಬಿಯಲ್ಲಿ ಇಳಿಸಿ, ದೇವೀಂದ್ರಪ್ಪನ ಜೊತೆಗೆ ಮುಂಬಯಿಗೆ ಹೊರಟನು. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ, ರೈಲಿನಲ್ಲಿಯೂ ತೊಡೆಯ ಮೇಲೆ. ಭಾವ ದಣಿದಾಗ ಮೈದುನ, ಮೈದುನ ದಣಿದಾಗ ಭಾವ, ದಾರಿಯುದ್ದಕ್ಕೂ ಪಂಪು ಹೊಡೆದರು. ಪಕ್ಕದಲ್ಲಿ ಕುಳಿತವರು ಏನೆಂದು ಕೇಳಿದರೆ ಕಲ್ಯಾಣಪ್ಪ ಹೇಳುತ್ತಿದ್ದ: "ನೆಂಟರು. ತಿರುಗಿ ಕಳಸಾಕ ಹೊಂಟೇನಿ." ಸಮುದ್ರದ ದಂಡೆಯಲ್ಲಿ, ಬಂಡೆಗಳ ನಡುವೆ ನೀರು ನಿಂತಲ್ಲಿ, ಮೊಣಕಾಲವರೆಗೆ ಇಳಿದು ಕಲ್ಲನ್ನು ಇಟ್ಟನು. ಏಡಿ ಹೊರಬಂದು, ಒಂದು ಸಲವೂ ತಿರುಗಿ ನೋಡದೆ ಹೋಯಿತು. ಇಷ್ಟು ದಿನ ಉಸಿರು ಕೊಟ್ಟವನಿಗೆ ಅದು ಸ್ವಲ್ಪ ನಿಲ್ಲಬಹುದಿತ್ತು ಎಂದು ಅವನಿಗೆ ಅನಿಸಿತು.

ಊರಿಗೆ ಬಂದವನೇ ಸ್ನಾನ ಮಾಡಿ, ಮಠಕ್ಕೆ ಹೋಗಿ ಅಯ್ಯಾವರನ್ನು ಕರೆತಂದನು. ಹುಗ್ಗಿ ಮತ್ತೆ ಕುದಿಯಿತು. ಅಯ್ಯಾವರು ಮಣೆಯ ಮೇಲೆ ಕುಳಿತರು, ಮುಂದೆ ಎಡೆ ಬಂತು.

"ಎಲ್ಲಾರನೂ ಮುಟ್ಟಿಸಿದಿ?"

"ಎಲ್ಲಾರನೂ ಮುಟ್ಟಿಸಿದೆ ಅಯ್ಯಾವ್ರ."

ಅಡಿಗೆಮನೆಯ ಬಾಗಿಲಿನಿಂದ ಶಿವಕಾಂತಾ ಕೆಮ್ಮಿದಳು. "ಒಂದು ಉಳದದ್ರಿ."

ಪೆಟ್ಟಿಗೆಯಲ್ಲಿ ಉಳಿದ ಉಪ್ಪುನೀರು ಹಾಗೆಯೇ ಇತ್ತು, ಗುಳ್ಳೆಯ ಯಂತ್ರವನ್ನೂ ಯಾರೂ ನಿಲ್ಲಿಸಿರಲಿಲ್ಲ. ಅಂದು ಮುಂಜಾನೆ ಆಕೆ ಅದನ್ನು ಚೆಲ್ಲಲು ಹೋಗಿ ನೋಡಿದರೆ, ಹೂವು ಕಲ್ಲು ಬಿಟ್ಟು ಗಾಜಿನ ಮೂಲೆ ಹಿಡಿದು ಕುಳಿತಿದೆ. ಯಾವಾಗ ಸರಿದು ಬಂದಿತ್ತೋ ಶಿವನೇ ಬಲ್ಲ. ಕಲ್ಯಾಣಪ್ಪ ಹೋಗಿ ಉಗುರಿನಿಂದ ಮೆಲ್ಲಗೆ ಸರಿಸಿದ. ಅದು ಮುದುಡಿ ಮಣಿಯಷ್ಟಾಯಿತು, ಬಿಡಲಿಲ್ಲ.

"ಬಿಡು, ಹರೀತದ" ಎಂದರು ಅಯ್ಯಾವರು. "ಎಲ್ಲಾರೂ ಹೋದ್ರೂ ತಾ ಹೋಗಂಗಿಲ್ಲ ಅಂತದ ಅಂದ್ರ ಅದಕ್ಕ ಈ ಮನಿ ಸೇರೇದ. ಇರ್ಲಿ. ಆದ್ರ ಇದು ಏನ್ ಉಣ್ತದ?"

ಇದೊಂದರ ಊಟ ಮಾತ್ರ ಓಣಿಗೆಲ್ಲ ಗೊತ್ತಿತ್ತು.

"ನೊಣ್ರಿ" ಎಂದಳು ಶಾರದಾಬಾಯಿ, ನೆಲ ನೋಡುತ್ತ.

"ಮೊದಲು ಅದಕ್ಕ ಕೊಡ್ರಿ."

"ಅಯ್ಯಾವ್ರ" ಎಂದನು ಕಲ್ಯಾಣಪ್ಪ, "ನೊಣ ಕೊಲ್ಲೂದು ಹ್ಯಾಂಗ್ರಿ?"

"ಕೊಲ್ಲು ಅಂದೆನೇನು? ಸತ್ತದ್ದು ಒಂದರೇ ಇರ್ತದಲ್ಲ. ನಾ ಕೂತಿರ್ತೇನಿ."

ಮನೆಯವರೆಲ್ಲ ಸತ್ತ ನೊಣ ಹುಡುಕಲು ಹೊರಟರು. ಕಿಟಕಿ ನೋಡಿದರು, ಮಾಡು ನೋಡಿದರು, ಬೆಲ್ಲದ ಡಬ್ಬಿ ನೋಡಿದರು. ಅಯ್ಯಾವರು ಬರುತ್ತಾರೆಂದು ಶಾರದಾಬಾಯಿ ಮನೆಯನ್ನು ಮೂರು ಸಲ ಗುಡಿಸಿ, ಬೇವಿನ ಹೊಗೆ ಹಾಕಿದ್ದಳು. ಹೊಗೆಗೆ ಹೆದರದ ಎರಡು ನೊಣ ಎಡೆಯ ಸುತ್ತ ಹಾರಾಡುತ್ತಿದ್ದವು ನಿಜ. ಆದರೆ ಅವು ಗಟ್ಟಿಮುಟ್ಟಾಗಿದ್ದವು. ಅವುಗಳಲ್ಲಿ ಒಂದಕ್ಕೂ ಸಾಯುವ ಲಕ್ಷಣವಿರಲಿಲ್ಲ. ಹುಗ್ಗಿ ಕೆನೆಗಟ್ಟಿತು. ಶಾರದಾಬಾಯಿಯ ಕಣ್ಣು ಫೋಟೋದ ಮೇಲೆ ನಿಂತಿತು.

ಕಲ್ಯಾಣಪ್ಪ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಬಜಾರಕ್ಕೆ ಓಡಿದನು. ಮಲ್ಲಣ್ಣನ ಅಂಗಡಿಯಲ್ಲಿ ಗಿರಾಕಿಗಳು ನಿಂತು ಪೇಢೆ ಕಟ್ಟಿಸುತ್ತಿದ್ದರು.

"ಮಲ್ಲಣ್ಣ, ಒಂದು ಸತ್ತ ನೊಣ ಕೊಡ್ರಿ."

ಪೇಢೆ ಬಾಯಿಗಿಟ್ಟಿದ್ದ ಒಬ್ಬಾತ ಕೈ ಕೆಳಗಿಳಿಸಿ ಪೇಢೆಯನ್ನು ತಿರುಗಿಸಿ ನೋಡಿದ.

"ನನ್ನ ಅಂಗಡ್ಯಾಗ ನೊಣ?" ಮಲ್ಲಣ್ಣನ ಮುಖ ಕೆಂಪಾಯಿತು. "ಅಪ್ಪನ ಕಾಲದಿಂದ ಈ ಅಂಗಡ್ಯಾಗ ಒಂದು ನೊಣ ಕೂತಿಲ್ಲ. ಹೋಗು ಹೋಗು."

"ತಾನ್ ಸತ್ತಿದ್ದು ಬೇಕ್ರಿ. ಅಯ್ಯಾವ್ರು ಎಡಿ ಮುಂದ ಕುಂತಾರ. ನಮ್ಮವ್ವನ ಆರಾಧನಿ. ಇಲ್ಲಾ ಅನ್ನಬ್ಯಾಡ್ರಿ."

"ಇಲ್ಲ ಅಂದೆ."

"ಹಂಗಾದ್ರ ಇಲ್ಲೇ ಕೂಡ್ತೇನಿ" ಎಂದು ಕಲ್ಯಾಣಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತನು. ಹೊಸ ಗಿರಾಕಿ ಬಂದರೆ, "ನೊಣಕ್ಕ ಕುಂತೇನ್ರಿ, ಮಲ್ಲಣ್ಣ ಹುಡುಕಿ ಕೊಡ್ತಾರ" ಎಂದು ಗೌರವದಿಂದ ಹೇಳಿದನು. ಬಂದವರು ಹಿಂದಕ್ಕೆ ಸರಿದರು.

ಮಲ್ಲಣ್ಣ ಒಳಗೆ ಹೋದನು. ಜಿಲೇಬಿಯ ಪರಾತ ಎತ್ತಿಟ್ಟ ಸದ್ದು ಕೇಳಿತು. ಹೊರಗೆ ಬಂದು ಒಂದು ಕಾಗದದ ಪುಡಿಕೆಯನ್ನು ಕಲ್ಯಾಣಪ್ಪನ ಅಂಗೈಯಲ್ಲಿ ಒತ್ತಿ, ಬೆರಳುಗಳನ್ನು ತಾನೇ ಮುಚ್ಚಿದನು.

"ಇದು ನನ್ನ ಅಂಗಡೀದಲ್ಲ" ಎಂದನು ಕಿವಿಯಲ್ಲಿ. "ಎಲ್ಲಿಂದೋ ಬಂದಿತ್ತು."

ಪುಡಿಕೆ ಭಾರವಾಗಿತ್ತು. ಕಲ್ಯಾಣಪ್ಪ ತೆರೆದು ನೋಡಿದ. "ನಾ ಒಂದು ಕೇಳಿದ್ದೆ."

"ಒಯ್ಯಿ. ನಾಳಿಗೆ ಅದು ಉಪವಾಸ ಇರ್ತದೇನು?"

ಹೂವು ನೊಣವನ್ನು ತಬ್ಬಿಕೊಂಡು ಬಾಯಿ ಮುಚ್ಚಿತು. ಅಯ್ಯಾವರು ಅದನ್ನು ನೋಡಿ, ಶಿವಾ ಎಂದು ಮೊದಲ ತುತ್ತು ಬಾಯಿಗಿಟ್ಟರು. ಶಾರದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆ ಜೇವರ್ಗಿಗೆ ಮೊದಲ ಬಸ್ಸು ಎಷ್ಟಕ್ಕೆಂದು ಕೇಳಿದಳು. ಕಲ್ಯಾಣಪ್ಪ ಪುಡಿಕೆಯನ್ನು ಜೋಪಾನವಾಗಿ ಮಡಚಿ ಗೂಡಿನಲ್ಲಿಟ್ಟು, ಕೈ ತೊಳೆದುಕೊಂಡು, ಹುಗ್ಗಿಯ ಸೌಟು ಹಿಡಿದು ಅಯ್ಯಾವರ ಮುಂದೆ ಬಗ್ಗಿದನು.